ನಾಲ್ಕು ಗುರುವಾರ

ಬೀಗದ ಕೈ ಅರ್ಧ ತಿರುಗಿ ನಿಂತುಬಿಟ್ಟಿತು. ಬಾಟ್ಲಿಯಣ್ಣ ಅದನ್ನು ಹೊರಗೆಳೆದು, ಅಂಗಿಯ ಅಂಚಿಗೆ ಒರೆಸಿ, ಮತ್ತೆ ತೂರಿಸಿ, ಬೀರುವಿನ ಬಾಗಿಲನ್ನು ಮೊಣಕಾಲಿನಿಂದ ಒತ್ತಿ ಹಿಡಿದು ತಿರುಗಿಸಿದ. ಹಾಗೆ ಒತ್ತಿದರೇ ಈ ಬೀಗಕ್ಕೆ ಬುದ್ಧಿ ಬರುವುದು ಎಂಬುದು ಶಾಲೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಅವರಲ್ಲಿ ಒಬ್ಬರು, ವಿಜ್ಞಾನದ ಟೀಚರು, ನಿನ್ನೆ ಬೆಳಿಗ್ಗೆ ತೀರಿಕೊಂಡಿದ್ದರು.

"ಇನ್ನೂ ಆಗ್ಲಿಲ್ವಾ?" ಹೆಡ್‌ಮೇಡಂ ಪ್ರಯೋಗಶಾಲೆಯ ಹೊಸ್ತಿಲಲ್ಲೇ ನಿಂತಿದ್ದರು. ಒಳಗಿನ ಸ್ಪಿರಿಟ್ಟಿನ ವಾಸನೆ ಅವರಿಗೆ ಆಗಿಬರುತ್ತಿರಲಿಲ್ಲ. "ಹನ್ನೊಂದಕ್ಕೆ ವ್ಯಾನು ಬರುತ್ತೆ. ಅಷ್ಟರೊಳಗೆ ಅವರ ಮನೇಲಿ ಮೇಜಿನ ಮೇಲೆ ಜೋಡಿಸಿರ್ಬೇಕು."

"ಬಂತು ಮೇಡಂ."

ಬೀರುವಿನ ಕೆಳಗಿನ ಅರೆಯಲ್ಲಿ ಇಪ್ಪತ್ತಾರು ನೋಟ್‌ಬುಕ್ಕುಗಳಿದ್ದವು. ವರ್ಷಕ್ಕೊಂದು. ಬೆನ್ನಿಗೆಲ್ಲ ಕಂದು ಕಾಗದ ಅಂಟಿಸಿ ಇಸವಿ ಬರೆದಿತ್ತು. ಮೇಲಿನ ಅರೆಗಳಲ್ಲಿ ಅವನು ಮೂವತ್ತು ವರ್ಷದಿಂದ ಧೂಳು ಒರೆಸುತ್ತ ಬಂದ ಬಾಟಲಿಗಳು: ಚೇಳು, ಓತಿಕೇತ, ಬೇರುಗಂಟು ಕಟ್ಟಿದ ಹುರುಳಿ ಗಿಡ, ಬಣ್ಣ ಹೋಗಿ ಬಿಳುಚಿಕೊಂಡ ಕಪ್ಪೆ. ಲ್ಯಾಬ್ ಅಟೆಂಡರ್ ಎಂದು ಸೇರಿದವನಿಗೆ ಮಕ್ಕಳು ಇಟ್ಟ ಹೆಸರೇ ನಿಂತುಹೋಗಿತ್ತು. ಹಾಜರಿ ಪುಸ್ತಕ ಬಿಟ್ಟರೆ ಎಲ್ಲೆಲ್ಲೂ ಅವನು ಬಾಟ್ಲಿಯಣ್ಣನೇ.

"ಆ ಐದು ವಾರದ್ದು ಯಾವ್ದು ಅಂತ ನಿಮಗೆ ಗೊತ್ತಲ್ಲ? ಅದನ್ನ ಮೇಲಿಡಿ" ಎಂದರು ಹೆಡ್‌ಮೇಡಂ, ಕರವಸ್ತ್ರದ ಹಿಂದಿನಿಂದ. "ಅವರ ಹಳೇ ಶಿಷ್ಯೆ ಕಡ್ಡಿ ಬರ್ತಿದ್ದಾಳೆ. ಮಣ್ಣು ಮಾಡೋ ಜಾಗದಲ್ಲಿ ಅವಳು ನಾಲ್ಕು ಮಾತಾಡ್ತಾಳೆ. ಆ ಪುಟವನ್ನೇ ಓದ್ತಾಳಂತೆ."

ಬಾಟ್ಲಿಯಣ್ಣನ ಕೈ ಹನ್ನೊಂದು ವರ್ಷದ ಹಿಂದಿನ ಪುಸ್ತಕದ ಮೇಲೇ ಇತ್ತು. ಅದನ್ನು ಅವನು ಹೊರಗೆ ತೆಗೆಯಲಿಲ್ಲ.

"ಬೇರೆ ಯಾವ್ದಾದ್ರೂ ಓದಿದ್ರೆ ಆಗಲ್ವಾ ಮೇಡಂ?"

"ಬೇರೆ ಯಾವ್ದರಲ್ಲಿ ಏನಿದೆ? ಇರುವೆ ಇಷ್ಟು, ಜೇಡ ಇಷ್ಟು. ಆಯಮ್ಮ ಜೀವನದಲ್ಲಿ ಕಂಡುಹಿಡಿದಿದ್ದು ಅದೊಂದೇ ಅಲ್ವಾ?"

ಅದೊಂದೇ. ಅದನ್ನು ಅವರು ಕಂಡುಹಿಡಿದಿರಲಿಲ್ಲ. ಅಲ್ಲಿ ಕಾಣುವುದಕ್ಕೆ ಏನೂ ಇರಲಿಲ್ಲ. ನಿನ್ನೆ ಸಾವಿನ ಸುದ್ದಿ ಕೇಳಿದಾಗ ಬಾಟ್ಲಿಯಣ್ಣನಿಗೆ ದುಃಖದ ಹಿಂದೆಯೇ ಇನ್ನೊಂದು ಯೋಚನೆ ಕಳ್ಳಹೆಜ್ಜೆ ಇಟ್ಟು ಬಂದಿತ್ತು: ಇನ್ನು ಅದು ಅವರ ಜೊತೆಗೇ ಮಣ್ಣಾಗುತ್ತದೆ, ಹೇಳಬೇಕಾದ ಕಷ್ಟ ಇಲ್ಲ. ಹಾಗೆ ಅಂದುಕೊಂಡದ್ದಕ್ಕೆ ರಾತ್ರಿಯ ಊಟ ಸೇರಿರಲಿಲ್ಲ. ಈಗ ನೋಡಿದರೆ ಅದೇ ಸುಳ್ಳನ್ನು ಅವರ ಗುಂಡಿಯ ಅಂಚಿನಲ್ಲೇ ನಿಂತು ಗಟ್ಟಿಯಾಗಿ ಓದುತ್ತಾರಂತೆ.

*

ಮನೆಯ ಮುಂದಿನ ಕೋಣೆಯಲ್ಲಿ ಟೀಚರನ್ನು ಮಲಗಿಸಿದ್ದರು. ಬಾಡಿಗೆಯ ಎರಡು ಕೋಣೆ. ಕಿಟಕಿಗೊಂದು ಮೇಜು, ಮೇಜಿಗೊಂದು ಕುರ್ಚಿ, ಎರಡನೆಯ ಕುರ್ಚಿ ಇಲ್ಲ. ಬಂದವರಿಗೆ ಕೂರಲು ಶಾಲೆಯಿಂದ ಬೆಂಚು ತರಿಸಿದ್ದರು. ಬೆಂಚಿನ ಮೇಲೆ ಮಕ್ಕಳು ಕೈವಾರದಿಂದ ಕೆತ್ತಿದ ಹೆಸರುಗಳ ಮೇಲೆ ದೊಡ್ಡವರು ಮುದುಡಿ ಕೂತಿದ್ದರು.

"ಹದಿನೆಂಟು ವರ್ಷ ಇದ್ರು ಇಲ್ಲಿ" ಎನ್ನುತ್ತಿದ್ದಳು ಮನೆಯ ಯಜಮಾನಿ. "ಒಂದೇ ಒಂದು ಜಗಳ ಆಗಿದ್ದು ಅಂದ್ರೆ ಜೇಡರ ಬಲೆಗೆ. ನಾನು ಪೊರಕೆ ಎತ್ತಿದ್ದೇ ತಡ, ‘ಸೊಳ್ಳೆ ಹಿಡಿಯೋಕೆ ನೀವು ಬರ್ತೀರಾ ಹಾಗಿದ್ರೆ?’ ಅಂದುಬಿಟ್ರು."

"ಸ್ಟಾಫ್‌ರೂಮಲ್ಲೂ ಅದೇ ಕತೆ" ಎಂದರು ಗಣಿತದ ಮೇಷ್ಟ್ರು. ಟೀಚರ ಜೊತೆಗೇ ನಿವೃತ್ತರಾದವರು, ಈಗ ಕೋಲು ಹಿಡಿದಿದ್ದರು. "ನನ್ನ ಡಬ್ಬಿಗೆ ಇರುವೆ ಮುತ್ತಿದೆ, ಹೊಟ್ಟೆ ತಾಳ ಹಾಕ್ತಿದೆ, ಈಯಮ್ಮ ಮುಟ್ಟಕ್ಕೆ ಬಿಡ್ಲಿಲ್ಲ. ‘ತಡೀರಿ, ಎಲ್ಲಿಂದ ಬರ್ತಿವೆ ನೋಡೋಣ’ ಅಂತ ಗೋಡೆ ಹಿಡ್ಕೊಂಡು ಹೊರಟ್ರು. ಬರೋ ಹೊತ್ತಿಗೆ ಗಂಟೆ ಹೊಡೀತು. ಇರುವೆ ಊಟ ಮಾಡಿದ್ವು, ನಾನು ಪಾಠ ಮಾಡಿದೆ."

ಬೆಂಚಿನಲ್ಲಿ ಸಣ್ಣ ನಗೆ ಎದ್ದು, ಮಲಗಿದವರನ್ನು ನೋಡಿ ಅಡಗಿತು.

ಟೀಚರ ಅಕ್ಕ ಮಾತ್ರ ನಗಲಿಲ್ಲ. ಅವರು ಬೆಳಗಿನ ಬಸ್ಸಿಗೆ ದೂರದ ಊರಿಂದ ಬಂದಿದ್ದರು. ಇನ್ನೂ ಚೀಲವನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದರು, ನಿಲ್ದಾಣದಲ್ಲಿ ಕೂತವರ ಹಾಗೆ. ಬಾಟ್ಲಿಯಣ್ಣ ಪುಸ್ತಕಗಳನ್ನು ಮೇಜಿನ ಮೇಲೆ ಜೋಡಿಸುವುದನ್ನು ಅವರು ನೋಡುತ್ತಿದ್ದರು.

"ನೀವೇ ಏನಪ್ಪ ಅಟೆಂಡರು? ಫೋನಲ್ಲಿ ನಿಮ್ಮ ಸುದ್ದಿ ಹೇಳ್ತಿದ್ಲು. ಅಂದ್ರೆ, ಫೋನು ಮಾಡಿದಾಗ. ವರ್ಷಕ್ಕೆ ಮೂರು ಸಲವೋ ನಾಲ್ಕು ಸಲವೋ."

"ಹೌದು ಅಕ್ಕ, ನಾನೇ."

ಅವರು ದನಿ ತಗ್ಗಿಸಿದರು. "ಒಂದು ಮಾತು ಕೇಳ್ಲಾ? ಇವಳಿಗೆ ಇಲ್ಲಿ ಯಾರಾದ್ರೂ ಇದ್ರಾ? ಅಂದ್ರೆ... ಒಂದು ಕಷ್ಟ ಸುಖ ಅಂತ. ಮೂವತ್ತನೇ ವಯಸ್ಸಿಗೆ ಗಂಡ ಹೋದ. ಬಾ ನಮ್ಮನೆಗೆ ಅಂದೆ. ಕೆಲಸ ಇದೆ ಅಂದ್ಲು. ರಿಟೈರಾದ್ಮೇಲೆ ಬಾ ಅಂದೆ. ಆಗ್ಲೂ ಕೆಲಸ ಇದೆ ಅಂದ್ಲು. ಏನು ಕೆಲಸ ಅದು?"

ಬಾಟ್ಲಿಯಣ್ಣ ಬಾಯಿ ತೆರೆದ. ಅಷ್ಟರಲ್ಲಿ ಹೆಡ್‌ಮೇಡಂ, "ಆ ಪುಸ್ತಕ ಎಲ್ಲಿ? ಮೇಲಿಡಿ ಅಂದಿದ್ನಲ್ಲ" ಎನ್ನುತ್ತ ಬಂದು, ರಾಶಿಯ ನಡುವಿನಿಂದ ತಾವೇ ಅದನ್ನು ಎಳೆದು ಎಲ್ಲದರ ಮೇಲಿಟ್ಟರು.

*

ಕೆಲಸ ಎಂದರೆ ಒಂದು ಮೀಟರು ಉದ್ದ, ಒಂದು ಮೀಟರು ಅಗಲ.

ಶಾಲೆಯ ಹಿಂದೆ, ಕಾಂಪೌಂಡಿಗೂ ನೀರಿನ ತೊಟ್ಟಿಗೂ ನಡುವೆ, ಯಾರಿಗೂ ಬೇಡವಾದ ಜಾಗವಿತ್ತು. ಇಪ್ಪತ್ತಾರು ವರ್ಷದ ಹಿಂದೆ ಒಂದು ಗುರುವಾರ, ಕೊನೆಯ ಗಂಟೆ ಹೊಡೆದ ಮೇಲೆ, ಟೀಚರು ನಾಲ್ಕು ಗೂಟ, ಒಂದು ಉಂಡೆ ಹುರಿ ತಂದು ಅವನ ಕೈಗೆ ಕೊಟ್ಟರು. ಅವನು ಗೂಟ ಹೊಡೆದು, ಸುತ್ತ ಹುರಿ ಕಟ್ಟಿ, ನೋಡಿ ನಕ್ಕುಬಿಟ್ಟ.

"ಇಷ್ಟೇನಾ ಟೀಚರ್? ಇದರಲ್ಲಿ ಒಂದು ಕೋಳಿ ಮಲಗಕ್ಕೆ ಆಗಲ್ಲ."

"ಇಷ್ಟನ್ನೇ ಓದಿ ಮುಗಿಸೋಣ ನಡಿ. ಆಮೇಲೆ ಜಾಸ್ತಿ ತಗೊಳೋಣ."

ಮುಗಿಯಲಿಲ್ಲ. ಪ್ರತಿ ಗುರುವಾರ ಅವನು ಮಂಡಿಯೂರಿ ಎಣಿಸುವುದು, ಅವರು ಮಡಚುವ ಸ್ಟೂಲಿನ ಮೇಲೆ ಕೂತು ಬರೆಯುವುದು. ಕಪ್ಪಿರುವೆ, ಕೆಂಪಿರುವೆ, ಜೇಡ, ಮಿಡತೆ, ಗಿಡದ ಹೇನು ಹತ್ತಿದ ಕುಡಿ ಎಷ್ಟು, ಹೇನು ತಿನ್ನುವ ಕೆಂಪು ಬೆನ್ನಿನ ಗುಲಗಂಜಿ ಹುಳ ಎಷ್ಟು. ಗರಿಕೆ ಎಲ್ಲಿಯವರೆಗೆ ಬಂತು, ನಾಚಿಕೆಮುಳ್ಳು ಎಲ್ಲಿಗೆ ಹಿಂದೆ ಸರಿಯಿತು. ಗಂಡಹೆಂಡಿರ ಜಗಳದ ಹಾಗೆ ಆ ಎರಡು ಗಿಡ ವರ್ಷಗಟ್ಟಲೆ ಒಂದು ಗೇಣು ಜಾಗಕ್ಕೆ ತಳ್ಳಾಡಿದ್ದವು.

ಮೊದಮೊದಲು ಅವನು ಅಂದಾಜಿನಲ್ಲಿ ಹೇಳುತ್ತಿದ್ದ. "ಒಂದು ಮೂವತ್ತಿರಬಹುದು ಟೀಚರ್."

"ಇರಬಹುದು ಅನ್ನೋದು ಹುಳ ಅಲ್ಲ ಕಣಪ್ಪ. ಕಂಡಿದ್ದು ಹೇಳು."

ಮತ್ತೆ ಎಣಿಸುತ್ತಿದ್ದ. ಇಪ್ಪತ್ತೇಳು. ಮುಖದಲ್ಲಿ ಸಿಟ್ಟಿರುತ್ತಿತ್ತು, ಆದರೆ ಮನೆಗೆ ಹೋಗಿ ಹೆಂಡತಿಗೆ ಹೇಳುತ್ತಿದ್ದದ್ದು ಇಪ್ಪತ್ತೇಳೆಂದೇ.

ಹನ್ನೊಂದು ವರ್ಷದ ಹಿಂದೆ, ಮಳೆ ನಿಂತ ಹೊಸದರಲ್ಲಿ, ಟೀಚರು ಪ್ರಯೋಗಶಾಲೆಯ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡರು. ಕಟ್ಟು ಹಾಕಿಸಿಕೊಂಡು ಮಲಗಿದಲ್ಲಿಂದಲೇ ಅವನಿಗೆ ಪುಸ್ತಕ ಕೊಟ್ಟರು.

"ನೀನೇ ಎಣಿಸು, ನೀನೇ ಬರಿ. ಗುರುವಾರ ಖಾಲಿ ಬಿಡಬೇಡ. ಮಿಕ್ಕಿದ್ದೆಲ್ಲ ಬಿಟ್ಟರೂ ಪರವಾಗಿಲ್ಲ."

ಅವನಿಗೂ ಹೇಳಬೇಕಾದದ್ದೊಂದಿತ್ತು: ಮನೆಯಲ್ಲಿ ಹೆಂಡತಿಗೆ ಹುಷಾರಿರಲಿಲ್ಲ. ನೋವಲ್ಲಿ ಮಲಗಿದವರಿಗೆ ಹೇಗೆ ಹೇಳುವುದೆಂದು ಪುಸ್ತಕ ತೆಗೆದುಕೊಂಡು ಬಂದ.

*

ಕಡ್ಡಿ ಬಂದಾಗ ಹತ್ತೂವರೆ. ಶಾಲೆಯಲ್ಲಿದ್ದಾಗ ಕಡ್ಡಿಹುಳದ ಹಾಗಿದ್ದಳೆಂದು ಟೀಚರೇ ಇಟ್ಟ ಹೆಸರು. ಈಗ ಇಪ್ಪತ್ತೇಳು ವರ್ಷ, ಕಾಲೇಜಿನಲ್ಲಿ ಪಾಠ, ಹುಳುಗಳ ಮೇಲೆ ಸಂಶೋಧನೆ. ಆದರೂ ಹೆಸರಿಗೆ ಮೋಸ ಮಾಡುವಷ್ಟು ದಪ್ಪವಾಗಿರಲಿಲ್ಲ. ಟೀಚರ ಕಾಲು ಮುಟ್ಟಿ ನಮಸ್ಕರಿಸಿದಳು. ಆಮೇಲೆ ಮೇಜಿನ ಹತ್ತಿರ ಬಂದು ಮೇಲಿನ ಪುಸ್ತಕ ತೆರೆದಳು. ಪುಟ ಹುಡುಕಬೇಕಾಗಲಿಲ್ಲ, ಪುಸ್ತಕವೇ ಅಲ್ಲಿ ಬಿಚ್ಚಿಕೊಂಡಿತು.

"ಐದು. ಒಂಬತ್ತು. ಹನ್ನೊಂದು. ಹದಿನಾಲ್ಕು. ಸೊನ್ನೆ" ಎಂದು ಮೆಲ್ಲಗೆ ಓದಿಕೊಂಡಳು. "ಈ ಕಾಲಮ್ಮೇ ಅಲ್ವಾ ಬಾಟ್ಲಿಯಣ್ಣ, ನನ್ನ ತಲೆ ಕೆಡಿಸಿದ್ದು. ಇಪ್ಪತ್ತಾರು ವರ್ಷದಲ್ಲಿ ಆ ಚೌಕದಲ್ಲಿ ಗುಲಗಂಜಿ ಹುಳ ಮೂರರ ಮೇಲೆ ಬಂದಿಲ್ಲ. ಆ ನಾಲ್ಕು ವಾರ ಹಾಗೆ ಏರಿ, ಐದನೇ ವಾರ ಒಂದೂ ಇಲ್ಲ. ಹೇನು ಇದೆ ಇನ್ನೂ, ನೋಡಿ, ಹದಿನೆಂಟು ಕುಡಿಯಲ್ಲಿ. ತಟ್ಟೆ ತುಂಬ ಊಟ ಬಿಟ್ಟು ಯಾರಾದ್ರೂ ಎದ್ದು ಹೋಗ್ತಾರಾ? ಕ್ಲಾಸಲ್ಲಿ ಕೇಳ್ತಿದ್ರು. ಎಲ್ಲಿ ಹೋದ್ವು, ಯಾಕೆ ಹೋದ್ವು, ಯಾರಾದ್ರೂ ಹೇಳಿ ಅಂತ."

ಬಾಟ್ಲಿಯಣ್ಣ ಮೇಜಿನ ಮೇಲಿನ ಕಂದು ಕಾಗದದ ಬೆನ್ನುಗಳನ್ನು ಸುಮ್ಮನೆ ಸಾಲು ಮಾಡುತ್ತಿದ್ದ.

"ಈಗ ನನ್ನ ಲೇಖನದಲ್ಲಿ ಇದನ್ನ ಹಾಕಿದೀನಿ. ಮುಂದಿನ ತಿಂಗಳು ಅಚ್ಚಾಗುತ್ತೆ. ಟೀಚರ್ ನೋಡ್ಲಿ ಅಂತ ಆಸೆ ಇತ್ತು." ಅವಳು ಮೂಗು ಒರೆಸಿಕೊಂಡಳು. "ನಿಮ್ಮ ಹೆಸರೂ ಇದೆ ಗೊತ್ತಾ? ಎಣಿಸಿದವರು ನೀವಲ್ವಾ."

"ನನ್ನ ಹೆಸರು ಯಾಕೆ ಮರಿ."

"ಇನ್ಯಾರದ್ದು ಹಾಕ್ಲಿ?"

ಗಣಿತದ ಮೇಷ್ಟ್ರು ಬೆಂಚಿನಿಂದಲೇ ಕೂಗಿದರು. "ಲೇ ಬಾಟ್ಲಿ, ಅಚ್ಚಿನಲ್ಲಿ ಹೆಸರು ಬರುತ್ತಂತಲ್ಲ! ಇನ್ನು ನಿನ್ನನ್ನೂ ಬಾಟ್ಲಿಯಲ್ಲಿ ಹಾಕಿಡ್ತಾರೆ ಬಿಡು."

*

ಅವನ ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸಿದ್ದು ಟೀಚರ ಕಾಲು ಮುರಿದ ಮಾರನೆಯ ವಾರ. ಕೊನೆಯ ಗಂಟೆ ನಾಲ್ಕೂವರೆಗೆ; ಒಳಗೆ ಬಿಡುವುದು ಐದರಿಂದ ಆರು. ಚೌಕ ಎಣಿಸಲು ಮುಕ್ಕಾಲು ಗಂಟೆ ಬೇಕು. ಗುರುವಾರ ಅವನು ಚೌಕದ ಕಡೆ ನೋಡದೆ ಪುಸ್ತಕವನ್ನು ಕಂಕುಳಲ್ಲಿಟ್ಟು ಬಸ್ಸಿಗೆ ಓಡಿದ.

ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಪುಸ್ತಕ ತೆರೆದು, "ಎಣಿಸಿಲ್ಲ" ಎಂದು ಬರೆಯಲು ಪೆನ್ನು ತೆಗೆದಾಗ ಹೆಂಡತಿ ಕಣ್ಣು ಬಿಟ್ಟಳು.

"ಏನದು? ನಿಮ್ಮ ಟೀಚರ್ ಹುಳದ ಪುಸ್ತಕನಾ? ಇಲ್ಲೇನು ಹುಳ ಇದೆ ಅಂತ ತಂದ್ರಿ?"

"ಇವತ್ತು ಎಣಿಸಕ್ಕಾಗ್ಲಿಲ್ಲ."

"ನಾನು ಹೇಳ್ತೀನಿ ಬರ್ಕೊಳ್ಳಿ."

"ಸುಮ್ನಿರು. ಕಂಡಿದ್ದೇ ಬರೀಬೇಕು."

"ನನಗೆ ಕಾಣ್ತಿದೆ. ಹದಿನೈದು ವರ್ಷದಿಂದ ನನ್ನ ಕಿವಿಗೆ ಅದನ್ನೇ ತಾನೇ ತುಂಬಿರೋದು." ಅವಳು ಕಣ್ಣು ಮುಚ್ಚಿಕೊಂಡಳು. "ಕಪ್ಪಿರುವೆ... ಇರುವೆಗೇನು ಬರ, ಅರವತ್ತು ಬರೀರಿ. ಜೇಡ ಮೂರು. ನಮ್ಮ ಅಡುಗೆಮನೆದೂ ಸೇರಿಸಿದ್ರೆ ಮೂವತ್ತು."

ಎಷ್ಟೋ ದಿನದ ಮೇಲೆ ಅವಳ ಮುಖ ಅಷ್ಟು ಸಡಿಲವಾದದ್ದು. ಅವನು ಬರೆದುಕೊಂಡ.

"ಗುಲಗಂಜಿ ಹುಳ?"

"ಅದು ಐದು ಇರ್ಲಿ. ಚಿಕ್ಕವಳಿದ್ದಾಗ ಅಂಗೈ ಮೇಲೆ ಬಿಟ್ಕೊಳ್ತಿದ್ದೆ. ಬೆರಳ ತುದಿಗೆ ಹೋಗಿ ಹಾರೋದು. ಅದು ಹಾರೋ ಮುಂಚೆ ಏನೋ ಬೇಡ್ಕೊಳ್ತಿದ್ದೆ. ಏನು ಅಂತ ಮರ್ತೇಹೋಗಿದೆ ನೋಡಿ."

ಮುಂದಿನ ಗುರುವಾರ ಅವನು ಬಂದ ಕೂಡಲೇ ಅವಳು ಕೇಳಿದಳು: "ಪುಸ್ತಕ ತಂದ್ರಾ?" ಆ ವಾರ ಒಂಬತ್ತು. ಮೂರನೆಯ ವಾರ ನರ್ಸು, "ಜಾಸ್ತಿ ಮಾತಾಡಿಸ್ಬೇಡಿ" ಎಂದು ಗದರಿದಳು. ಹೆಂಡತಿ ಪಿಸುಗುಟ್ಟಿದ್ದು ಹನ್ನೊಂದು. "ಜಾಸ್ತಿ ಆಯ್ತು ಕಣೆ, ಟೀಚರಿಗೆ ಅನುಮಾನ ಬರುತ್ತೆ" ಎಂದ. "ಬರ್ಲಿ ಬಿಡಿ, ಪಾಪ, ಮಲಗಿದಾರೆ, ಖುಷಿಯಾಗುತ್ತೆ" ಎಂದಳು. ನಾಲ್ಕನೆಯ ವಾರ ಮಾತು ಹೊರಡಲಿಲ್ಲ. ಅವನ ಅಂಗೈ ಹಿಡಿದು ಅದರ ಮೇಲೆ ಬೆರಳಿಂದ ಚುಕ್ಕೆ ಇಟ್ಟಳು. ಅವನು ಎಣಿಸಿದ. ನಡುವೆ ನಿಲ್ಲಿಸಿ, ಉಸಿರು ತೆಗೆದುಕೊಂಡು, ಮತ್ತೆ ಇಟ್ಟಳು. ಹದಿನಾಲ್ಕು.

ಮುಂದಿನ ಮಂಗಳವಾರ ಅವಳು ತೀರಿಕೊಂಡಳು.

*

ಬಾಟ್ಲಿಯಣ್ಣ ಕಡ್ಡಿಯನ್ನು ಹಿತ್ತಿಲಿಗೆ ಕರೆದ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಟೀಚರ ಒಂದು ಟವೆಲ್ಲು ನಿನ್ನೆಯಿಂದ ಒಣಗಿ ಸೆಟೆದು ಬಿದ್ದಿತ್ತು. ಅವನು ಅದನ್ನು ಮಡಿಸುತ್ತ ಹೇಳಿದ. ಮಡಿಸಿ ಆದ ಮೇಲೂ ಹೇಳುವುದು ಮುಗಿಯದೆ, ಬಿಚ್ಚಿ ಮತ್ತೆ ಮಡಿಸಿದ.

ಮುಗಿದ ಮೇಲೆ ಅವಳು ಕಲ್ಲಿನ ಮೇಲೆ ಕೂತುಬಿಟ್ಟಳು.

"ಹುಳ ಇರ್ಲೇ ಇಲ್ಲ."

"ಇರ್ಲಿಲ್ಲ."

"ಹದಿನಾಲ್ಕು ಅನ್ನೋದು..."

"ನನ್ನ ಹೆಂಡ್ತಿ ಹೇಳಿದ್ದು."

ಅವಳು ನಕ್ಕಳು, ಆದರೆ ಅದು ನಗುವಿನ ಹಾಗೆ ಕೇಳಿಸಲಿಲ್ಲ. "ನೀವು ಎತ್ತು ಈಯ್ತು ಅಂದ್ರಿ, ನಾನು ಕೊಟ್ಟಿಗೆಗೆ ಕಟ್ಟಿದೆ. ಆರು ವರ್ಷ ಹುಲ್ಲೂ ಹಾಕಿದೆ. ಯಾಕೆ ಬಾಟ್ಲಿಯಣ್ಣ? ಆಗ ಹೋಗ್ಲಿ. ಆಮೇಲೆ ಯಾಕೆ ಹೇಳ್ಲಿಲ್ಲ? ಹನ್ನೊಂದು ವರ್ಷ!"

"ಟೀಚರು ಕೋಲು ಊರ್ಕೊಂಡು ಮೊದಲ ದಿನ ಸ್ಕೂಲಿಗೆ ಬಂದ್ರು. ನನ್ನ ಹೆಂಡ್ತಿ ಸುದ್ದಿ ಗೊತ್ತಾಗಿತ್ತು. ಏನೋ ಸಮಾಧಾನ ಹೇಳಕ್ಕೆ ಬಾಯಿ ತೆಗೆದ್ರು. ಅಷ್ಟರಲ್ಲಿ ಪುಸ್ತಕ ಕಣ್ಣಿಗೆ ಬಿತ್ತು. ‘ಹದಿನಾಲ್ಕಾ? ನೀನೇ ಕಣ್ಣಾರೆ ನೋಡಿದ್ಯಾ?’ ಅಂದ್ರು. ಆ ಮುಖ ನೀನು ನೋಡ್ಬೇಕಿತ್ತು ಮರಿ. ಹೂಂ ಅಂದುಬಿಟ್ಟೆ."

"ಮಾರನೇ ದಿನ ಹೇಳಬಹುದಿತ್ತು."

"ಹೇಳಬಹುದಿತ್ತು." ಅವನು ಟವೆಲ್ಲನ್ನು ಕಲ್ಲಿನ ಮೇಲಿಟ್ಟ. "ಆಮೇಲಿಂದ ಪ್ರತಿ ವರ್ಷ, ಮಳೆ ನಿಂತ ಮೇಲೆ, ಆ ಐದು ವಾರ, ಎಣಿಸಿ ಮುಗಿದ್ರೂ ಅವರು ಏಳ್ತಿರ್ಲಿಲ್ಲ. ‘ಇನ್ನೊಂದು ಅರ್ಧ ಗಂಟೆ ಕೂರೋಣ, ಬಂದ್ರೂ ಬರಬಹುದು’ ಅಂತಿದ್ರು. ನಾನೂ ಕೂರ್ತಿದ್ದೆ. ಬರಲ್ಲ ಅಂತ ಗೊತ್ತಿದ್ದೋನು. ಅವರು ಏನೇನೋ ಮಾತಾಡ್ತಿದ್ರು, ಗಂಡನ ವಿಷಯ, ಅಕ್ಕನ ವಿಷಯ. ಬೇರೆ ದಿನ ಆ ಬಾಯಲ್ಲಿ ಹುಳ ಬಿಟ್ರೆ ಮಾತಿಲ್ಲ. ಮನೆಗೆ ಹೋದ್ರೆ ನನಗೆ ಗೋಡೆ, ಅವರಿಗೂ ಗೋಡೆ. ಹೇಳಿದ್ರೆ ಆ ಅರ್ಧ ಗಂಟೆ ಹೋಗ್ತಿತ್ತು."

ಅವನು ತಲೆ ಎತ್ತಲಿಲ್ಲ.

"ನನಗೆ ಬೇಕಾಗಿತ್ತು ಅದು" ಎಂದ.

ಮುಂದಿನ ಬೀದಿಯಲ್ಲಿ ವ್ಯಾನಿನ ಹಾರನ್ನು ಕೇಳಿಸಿತು. ಒಳಗಿಂದ ಹೆಡ್‌ಮೇಡಂ ಕಡ್ಡಿಯನ್ನು ಕರೆದರು. ಅವಳು ಎದ್ದು, ಸೀರೆಯ ನೆರಿಗೆ ಸರಿಮಾಡಿಕೊಂಡು, ಅವನ ಕಡೆ ನೋಡದೆ ಹೋದಳು.

*

ಗುಂಡಿ ಊರಾಚೆ, ಹೊಲಗಳು ಶುರುವಾಗುವಲ್ಲಿ. ಹೊಸದಾಗಿ ಅಗೆದ ಮಣ್ಣು ಅಂಚಿನಲ್ಲಿ ರಾಶಿಯಾಗಿತ್ತು. ಬಂದವರು ಇಪ್ಪತ್ತು ಜನ ಇದ್ದಿರಬಹುದು. ಬಿಸಿಲಿಗೆ ಕೆಲವರು ತಲೆಯ ಮೇಲೆ ಬಟ್ಟೆ ಹಾಕಿಕೊಂಡಿದ್ದರು. ಕಡ್ಡಿಯ ಕೈಯಲ್ಲಿ ಎರಡು ನೋಟ್‌ಬುಕ್ಕುಗಳಿದ್ದವು. ಬಾಟ್ಲಿಯಣ್ಣ ಎಲ್ಲರ ಹಿಂದೆ ನಿಂತಿದ್ದ. ಅವಳು ಏನು ಓದಿದರೂ ಸರಿಯೇ ಎಂದು ತನಗೆ ತಾನೇ ಹೇಳಿಕೊಂಡರೂ, ಅವಳು ಯಾವ ಪುಸ್ತಕ ತೆರೆಯುತ್ತಾಳೆಂದೇ ನೋಡುತ್ತಿದ್ದ.

ಹೆಡ್‌ಮೇಡಂ ಮೊದಲು ಮಾತಾಡಿದರು. "ನಮ್ಮ ಟೀಚರ್ ಕಂಡುಹಿಡಿದ ಒಂದು ಸಂಗತಿ ಮುಂದಿನ ತಿಂಗಳು ಜಗತ್ತಿಗೇ ಗೊತ್ತಾಗಲಿದೆ" ಎಂದು ಮುಗಿಸಿ, ಕಡ್ಡಿಗೆ ಜಾಗ ಬಿಟ್ಟರು.

ಕಡ್ಡಿ ಮೇಲಿನ ಪುಸ್ತಕವನ್ನು ಕಂಕುಳಿಗೆ ಸೇರಿಸಿ, ಕೆಳಗಿನದನ್ನು ತೆರೆದಳು. ಅದು ಈ ವರ್ಷದ್ದು.

"ಇದು ಮೊನ್ನೆ ಗುರುವಾರ ಟೀಚರ್ ಬರೆದಿದ್ದು" ಎಂದಳು. "ಕಪ್ಪಿರುವೆ, ನಲವತ್ತೊಂದು. ಕೆಂಪಿರುವೆ, ಆರು. ಜೇಡ, ಎರಡು. ಮಿಡತೆ, ಒಂದು, ಕಾಲಿಲ್ಲದ್ದು. ಗಿಡದ ಹೇನು, ಏಳು ಕುಡಿಯಲ್ಲಿ. ಗುಲಗಂಜಿ ಹುಳ..." ಅವಳು ಸಾಲಿನ ಮೇಲೆ ಬೆರಳಿಟ್ಟಳು. ಮುಂದಕ್ಕೆ ಓದಿದಳು. "ಇಲ್ಲ. ಗರಿಕೆ, ಪೂರ್ವದ ಗೂಟ ದಾಟಿ ಎರಡು ಬೆರಳು."

ಪುಸ್ತಕ ಮುಚ್ಚಿದಳು. ಅಷ್ಟೇನಾ ಎಂದು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಡ್‌ಮೇಡಂ, "ಅದಲ್ಲಮ್ಮ, ಇನ್ನೊಂದು, ಇನ್ನೊಂದು" ಎಂದು ತುಟಿಯಲ್ಲೇ ಹೇಳಿದರು. ಕಡ್ಡಿ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡಳು. ಎಲ್ಲರೂ ತೆಗೆದುಕೊಂಡರು.

ಮಣ್ಣು ಹಾಕಿ ವಾಪಸು ಹೊರಟಾಗ ಗಣಿತದ ಮೇಷ್ಟ್ರು ಕೋಲು ಊರುತ್ತ ಬಾಟ್ಲಿಯಣ್ಣನ ಪಕ್ಕಕ್ಕೆ ಬಂದರು.

"ಕಾಲಿಲ್ಲದ ಮಿಡತೆ" ಎಂದರು ಮೇಷ್ಟ್ರು. "ಅದನ್ನೂ ಬಿಡದೆ ಬರೆದಿದಾಳೆ ನೋಡು, ಪುಣ್ಯಾತ್ಗಿತ್ತಿ." ಆಮೇಲೆ ಕನ್ನಡಕ ತೆಗೆದು, ಒರೆಸುವುದಕ್ಕೆ ಬಹಳ ಹೊತ್ತು ತೆಗೆದುಕೊಂಡರು.

*

ಮಧ್ಯಾಹ್ನ ಮೂರರ ಹೊತ್ತಿಗೆ ಬೆಂಚುಗಳು ಶಾಲೆಗೆ ಹೋದವು. ಮಂಚವನ್ನು ಗೋಡೆಗೆ ಒರಗಿಸಿದ್ದರು. ಟೀಚರ ಅಕ್ಕ ಇರುವ ಒಂದೇ ಕುರ್ಚಿಯಲ್ಲಿ ಕೂತಿದ್ದರು. ಚೀಲ ಈಗ ನೆಲದ ಮೇಲಿತ್ತು.

ಬಾಟ್ಲಿಯಣ್ಣ ಅವರ ಎದುರು ನಿಂತ.

"ಅಕ್ಕ, ಬೆಳಿಗ್ಗೆ ಕೇಳಿದ್ರಲ್ಲ."

"ಏನಪ್ಪ?"

"ಯಾರಾದ್ರೂ ಇದ್ರಾ ಅಂತ. ಗುರುವಾರ ಗುರುವಾರ ನಾನಿರ್ತಿದ್ದೆ."

ಅವರು ಅವನನ್ನು ನೋಡಿದರು. ಸವೆದ ಮಂಡಿಯ ಪ್ಯಾಂಟು, ಉಗುರಿನ ಸಂದಿಯ ಮಣ್ಣು. "ಕೂತ್ಕೊ" ಎಂದರು, ಕೂರುವುದಕ್ಕೆ ಏನೂ ಇಲ್ಲದ ಕೋಣೆಯಲ್ಲಿ. ಅವನು ಹೊಸ್ತಿಲ ಮೇಲೆ ಕೂತ.

ಕಡ್ಡಿ ಕಿಟಕಿಯ ಮೇಜಿನಿಂದ ಹನ್ನೊಂದು ವರ್ಷದ ಹಿಂದಿನ ಪುಸ್ತಕ ತೆಗೆದುಕೊಂಡು ಬಂದು, ಅವನ ಪಕ್ಕ, ಹೊಸ್ತಿಲ ಇನ್ನೊಂದು ತುದಿಯಲ್ಲಿ ಕೂತಳು. ಪುಟ ತೆರೆದು ಅವನ ತೊಡೆಯ ಮೇಲಿಟ್ಟು, ಪೆನ್ನು ಕೊಟ್ಟಳು.

"ಲೇಖನ ವಾಪಸ್ ತಗೋತೀನಿ. ಇದನ್ನ ನೀವೇ ಸರಿಮಾಡ್ಬೇಕು. ನಿಮ್ಮ ಅಕ್ಷರ."

ಅವನು ಪುಟ ಹರಿಯಬೇಕೇನೋ ಎಂದುಕೊಂಡು ಅದರ ಮೂಲೆ ಹಿಡಿದ.

"ಹರೀಬೇಡಿ! ಗೀಚ್ಲೂ ಬೇಡಿ. ಒಂದೇ ಒಂದು ಗೆರೆ, ತೆಳ್ಳಗೆ. ಏನು ತಪ್ಪಾಗಿತ್ತು ಅಂತ ಮುಂದಿನವರು ಓದೋ ಹಾಗಿರ್ಬೇಕು." ಅವಳ ದನಿಯಲ್ಲಿ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. "ಪಕ್ಕದಲ್ಲಿ ಎಣಿಸಿಲ್ಲ ಅಂತ ಬರೆದು, ಇವತ್ತಿನ ತಾರೀಖು ಹಾಕಿ."

ಅವನು ಮೊದಲ ಸಾಲಿನ ಮೇಲೆ ಗೆರೆ ಎಳೆದ. ಅರವತ್ತು ಇರುವೆ, ಮೂರು ಜೇಡ, ಐದು. ಪಕ್ಕದಲ್ಲಿ ಬರೆದ. ಎರಡನೆಯದು. ಮೂರನೆಯದು. ನಾಲ್ಕನೆಯದಕ್ಕೆ ಬಂದಾಗ ಪೆನ್ನು ಎತ್ತಿ ಒಂದು ಕ್ಷಣ ತಡೆದ; ಗೆರೆ ಎಳೆದ. ಗೆರೆಯ ಕೆಳಗೆ ಹದಿನಾಲ್ಕು ಎಂಬುದು ಸ್ಪಷ್ಟವಾಗಿ ಕಾಣುತ್ತಿತ್ತು.

ಪೆನ್ನಿನ ಮುಚ್ಚಳ ಹಾಕಿದ.

"ಇನ್ನೊಂದಿದೆ ಬಾಟ್ಲಿಯಣ್ಣ" ಎಂದಳು ಕಡ್ಡಿ. "ಐದನೇದು."

"ಅದಕ್ಕೆ ಬೇಡ."

"ಯಾಕೆ?"

"ಅದು ಎಣಿಸಿದ್ದು." ಅವನು ಬೆರಳಿನಿಂದ ಆ ಸಾಲನ್ನು ತೋರಿಸಿದ. ಅಲ್ಲಿ ಅಕ್ಷರ ಮಿಕ್ಕ ನಾಲ್ಕರ ಹಾಗಿರಲಿಲ್ಲ. ಪುಟಕ್ಕೆ ಅಲ್ಲಲ್ಲಿ ಮಣ್ಣು ಹತ್ತಿತ್ತು. "ಬುಧವಾರ ಅವಳನ್ನ ಮಣ್ಣು ಮಾಡಿದ್ವಿ. ಗುರುವಾರ ಮನೇಲಿ ಕೂರಕ್ಕಾಗ್ಲಿಲ್ಲ. ಹೋಗಿ, ಮಂಡಿಯೂರಿ, ಒಂದೊಂದು ಎಲೆ ತಿರುಗಿಸಿ ನೋಡಿದೆ. ಅವಳು ಅಷ್ಟೊಂದು ಹೇಳಿದ್ಲಲ್ಲ, ಒಂದಾದ್ರೂ ಇರುತ್ತೇನೋ ಅಂತ. ಕತ್ತಲಾಗೋವರೆಗೂ ಹುಡುಕಿದೆ."

ಕಡ್ಡಿ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡು ಬಗ್ಗಿ ನೋಡಿದಳು. ಹದಿನೆಂಟು ಕುಡಿಯಲ್ಲಿ ಹೇನು. ಅದರ ಪಕ್ಕದ ಕಾಲಮ್ಮಿನಲ್ಲಿ, ಗೆರೆ ಇಲ್ಲದೆ, ಒಂದು ಸೊನ್ನೆ. ಪೆನ್ನನ್ನು ಒತ್ತಿ ಒತ್ತಿ, ಎರಡು ಮೂರು ಸಲ ಸುತ್ತಿಸಿ ಬರೆದದ್ದು. ಹಾಳೆಯ ಹಿಂಬದಿಗೆ ಕೈ ಆಡಿಸಿದರೆ ಅದು ಬೆರಳಿಗೆ ತಾಗುತ್ತಿತ್ತು.